ಗಾಜಿನ ಕೆಳಗಿನ ಕೈ

ಕಡಲ ಪಕ್ಕದ ಹಾಳುಕೋಟೆಯೊಳಗೆ ಮನೆಗಳಿದ್ದವು. ಬುಲ್ಡೋಜರ್ ತಂದು ಕೆಡವಿದರು. ಆಮೇಲೆ ಅಲ್ಲೊಂದು ಬೋರ್ಡು ನೆಟ್ಟರು: 'ಈ ಸ್ಥಳದಲ್ಲಿ ಸಾವಿರ ವರ್ಷಗಳಿಂದ ಜನವಸತಿ ಇಲ್ಲ.'

"ಗಂಟೆ ಓದ್ಲಿ ಟೀಚರ್! ಅವಳು ಬಾಯಿ ಬಿಟ್ರೆ ಕಡಲೇ ಕಿವಿ ಮುಚ್ಕೊಳುತ್ತೆ!" ಹಿಂದಿನ ಬೆಂಚಿನಿಂದ ಸೋಡಾಬುಡ್ಡಿ ಕೂಗಿದ.

ಇಡೀ ಕ್ಲಾಸು ನಕ್ಕಿತು. ಟ್ರಿಪ್ಪು ಹಾಳುಕೋಟೆಗೆ ಎಂದು ಗೊತ್ತಾಗಿತ್ತು. ಬಸ್ಸು ಎಲ್ಲಿ ನಿಲ್ಲಬೇಕು, ಊಟದ ಡಬ್ಬಿ ಎಲ್ಲಿ ಬಿಚ್ಚಬೇಕು, ಯಾರು ಯಾರ ಕೈ ಹಿಡಿಯಬೇಕು, ಎಲ್ಲ ಮಾತಾಗಿತ್ತು. ಅಲ್ಲಿ ಬೋರ್ಡು ಓದಿ ಹೇಳುವ ಗೈಡ್ ಯಾರಾಗಬೇಕು ಅನ್ನುವುದೊಂದೇ ಬಾಕಿ.

ದೊಡ್ಡ ದನಿಯ ಆ ಹುಡುಗಿಗೆ ಗಂಟೆ ಎಂದು ಹೆಸರಿಟ್ಟವನು ಅವನೇ. ಅವನ ದಪ್ಪ ಕನ್ನಡಕ ನೋಡಿ ಸೋಡಾಬುಡ್ಡಿ ಎಂದು ಕರೆದವಳು ಅವಳು. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ.

"ಅಲ್ಲೊಂದು ಸತ್ತ ಹುಡುಗೀ ಕೈಗುರುತು ಇದೆಯಂತೆ ಕಣೇ," ಅವನು ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಮೇಲೆ ಗಾಜು ಹಾಕಿದ್ದಾರೆ. ನಾವು ಕೈ ಇಟ್ರೆ ಅದು ಕೆಳಗಿಂದ ಗಬಕ್ಕಂತ ಹಿಡ್ಕೊಳುತ್ತಂತೆ!"

"ಮೊದಲು ನಿನ್ ಮೂಗು ಹಿಡ್ಕೊಳ್ಳಲಿ, ಹೋಗೋ."

ಹಾಗೆಂದಳು, ಆದರೆ ಬೆಂಚಿನ ಮೇಲಿದ್ದ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡಳು.

ಮನೆಗೆ ಬಂದಾಗ ಅಜ್ಜಿ ಬಾಡಿಗೆ ರೂಮಿನ ಸಿಮೆಂಟು ನೆಲ ಒರೆಸುತ್ತಾ ಅದನ್ನೇ ಬೈಯುತ್ತಿದ್ದಳು. "ಇದೂ ಒಂದು ನೆಲವಾ? ಮಗು ಕೈ ಒತ್ತದೆ ನೆಲ ಮುಗಿಯಲ್ಲ." ಅಜ್ಜಿ ಹಿಂದೆ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡಿ, ಅದರಲ್ಲಿ ನೆಲ ಹಾಕುತ್ತಿದ್ದವಳು. ಅವಳ ಅಮ್ಮನೂ ಅದೇ ಕೆಲಸದವಳು.

"ಅಜ್ಜಿ, ಕೋಟೆಯೊಳಗೆ ನಮ್ಮನೆ ಯಾವ ಕಡೆ ಇತ್ತು?"

ಅಜ್ಜಿ ಒರೆಸುವ ಬಟ್ಟೆ ಕೆಳಗಿಟ್ಟಳು. ಒದ್ದೆ ಕೈಯಲ್ಲೇ ಮೊಮ್ಮಗಳ ಬಲಗೈ ಹಿಡಿದು ಬಿಡಿಸಿದಳು. ಹುಟ್ಟಿನಿಂದಲೇ ಒಳಕ್ಕೆ ಬಾಗಿದ್ದ ಕಿರುಬೆರಳನ್ನು ಸವರಿದಳು.

ಯಾವಾಗ ಕೇಳಿದರೂ ಇಷ್ಟೇ. ಪಾಪ, ಅಜ್ಜಿಗೆ ಮರೆವು ಎಂದುಕೊಂಡು ಗಂಟೆ ಸುಮ್ಮನಾದಳು. ಮನೆ ಬಿಟ್ಟಾಗ ಅವಳಿನ್ನೂ ಚಿಕ್ಕವಳು. ಹಸಿ ಸುಣ್ಣದ ವಾಸನೆಯೊಂದು ಬಿಟ್ಟರೆ ಏನೂ ನೆನಪಿರಲಿಲ್ಲ.

ಶನಿವಾರ ಸಂಜೆ, ಜಾಗ ನೋಡಿಕೊಂಡು ಬರೋಣ ಎಂದು ಟೀಚರ್ ಅವರಿಬ್ಬರನ್ನೂ ಕರೆದುಕೊಂಡು ಹೋದರು. ಕಡಲಿನಿಂದ ಮಂಜು ಎದ್ದು ಕೋಟೆಯೊಳಕ್ಕೆ ಬರುತ್ತಿತ್ತು. ಸೂರಿಲ್ಲದ ಗೋಡೆಗಳು ಎದೆಮಟ್ಟಕ್ಕೆ ನಿಂತಿದ್ದವು. ಮರಳಲ್ಲಿ ನಡೆದರೆ ಹಿಂದೆ ಯಾರೋ ನಡೆದ ಹಾಗೆ ಸದ್ದು. ನಿಂತರೆ ಅದೂ ನಿಲ್ಲುತ್ತಿತ್ತು.

"ಟೀಚರ್, ಟ್ರಿಪ್ಪು ಪಾರ್ಕಿಗೇ ಇಟ್ಕೊಂಡ್ರೆ?" ಸೋಡಾಬುಡ್ಡಿ ಅವರ ಬ್ಯಾಗು ಹಿಡಿದುಕೊಂಡ.

ಎಲ್ಲಿಗೆ ಹೋಗಬೇಕೆಂದು ಟೀಚರ್ ಹೇಳುವ ಮೊದಲೇ ಗಂಟೆಯ ಕಾಲು ಎಡಕ್ಕೆ ತಿರುಗಿತು. ಎರಡು ಗೋಡೆಗಳ ನಡುವೆ ಅವಳು ಕಾಲನ್ನು ಎತ್ತರಕ್ಕೆ ಎತ್ತಿ ಏನನ್ನೋ ದಾಟಿದಳು.

"ಏನೇ ದಾಟಿದೆ?" ಸೋಡಾಬುಡ್ಡಿ ಕೇಳಿದ.

ಅವಳು ತಿರುಗಿ ನೋಡಿದಳು. ಅಲ್ಲಿ ಬರೀ ಮರಳು. "ಹೊಸ್ತಿಲು..." ಅಂದಳು. ಅಂದಮೇಲೆ ಅವಳಿಗೇ ಭಯವಾಯಿತು.

ಎದುರಿಗೇ ಗಾಜು. ಅಲ್ಲಿ ಕೂತಿದ್ದ ಕಾವಲುಗಾರ ಎದ್ದು ಬಂದು ಅದರ ಮೇಲಿನ ತೇವವನ್ನು ತೋಳಿನಿಂದ ಒರೆಸಿದ. ಕೆಳಗೆ ಬೆಳ್ಳನೆಯ ನೆಲದ ಒಂದು ತುಂಡು. ಅದರಲ್ಲಿ ಪುಟ್ಟದೊಂದು ಅಂಗೈ ಮೂಡಿತ್ತು. ಅದರ ಕಿರುಬೆರಳು ಒಳಕ್ಕೆ ಬಾಗಿತ್ತು.

ಗಂಟೆ ಮಂಡಿಯೂರಿ ಗಾಜಿನ ಮೇಲೆ ಬಲಗೈ ಇಟ್ಟಳು. ಅವಳ ಕೈ ದೊಡ್ಡದು, ಅಷ್ಟೇ.

"ನಿನ್ ಬೆರಳೂ ಹಂಗೇ ಇದೆಯಲ್ಲೇ!" ಸೋಡಾಬುಡ್ಡಿ ಒಂದು ಹೆಜ್ಜೆ ಹಿಂದೆ ಸರಿದ. "ನೀನು ಸತ್ತು ಎಷ್ಟು ವರ್ಷ ಆಯ್ತೇ?"

ಯಾರೂ ನಗಲಿಲ್ಲ. ಅವಳ ಅಂಗೈ ತಣ್ಣಗಾಯಿತು. ಮೂಗಿಗೆ ಹಸಿ ಸುಣ್ಣದ ವಾಸನೆ. ಯಾರೋ ಮಣಿಕಟ್ಟು ಹಿಡಿದಿದ್ದಾರೆ. *ಒತ್ತು ಪುಟ್ಟೀ, ಇನ್ನೂ ಗಟ್ಟಿ ಒತ್ತು.* ಅದು ಅಜ್ಜಿಯ ದನಿ.

"ಟೀಚರ್, ಇದು ನನ್ ಕೈ. ಇದು ನಮ್ಮನೆ ನೆಲ."

ಟೀಚರ್ ನಕ್ಕರು. ಬಗ್ಗಿ ಎರಡೂ ಬೆರಳು ನೋಡಿದರು. ನಗು ನಿಂತಿತು. ಕಾವಲುಗಾರನ ಕಡೆ ತಿರುಗಿದರು.

"ಅಗೆದೋರು ದೂರದಿಂದ ಬಂದೋರು ಅಮ್ಮಾ," ಅವನು ಕಡಲು ನೋಡುತ್ತಾ ಹೇಳಿದ. "ಕೋಟೆ ಗೋಡೆಗೂ ಈ ನೆಲಕ್ಕೂ ಒಂದೇ ಥರದ ಸುಣ್ಣ. ಹಳೇದೇ ಅಂತ ಬರೆದುಬಿಟ್ರು. ನನ್ನನ್ನ ಯಾರು ಕೇಳ್ತಾರೆ?"

ಟೀಚರ್ ಪಕ್ಕದಲ್ಲಿದ್ದ ಬೋರ್ಡಿನ ಕಡೆ ನೋಡಿದರು. ಆಮೇಲೆ ಗಂಟೆಯ ಭುಜ ಸವರಿದರು. "ನೋಡಮ್ಮ, ಟ್ರಿಪ್ಪಿನ ದಿನ ಈ ಬೋರ್ಡು ಹಾಕಿಸಿದ ಸಾಹೇಬರೂ ಬರ್ತಾರೆ. ನಮಗ್ಯಾಕೆ ಇಲ್ಲದ ಉಸಾಬರಿ? ಬೋರ್ಡಲ್ಲಿ ಏನಿದೆಯೋ ಅಷ್ಟು ಓದು, ಸಾಕು. ಎಲ್ಲಿ, ಒಂದ್ಸಲ ಪ್ರಾಕ್ಟೀಸ್ ಮಾಡು."

ಗಂಟೆ ಎದ್ದು ಬೋರ್ಡಿನ ಮುಂದೆ ನಿಂತಳು. "ಈ ಸ್ಥಳದಲ್ಲಿ ಸಾವಿರ ವರ್ಷಗಳಿಂದ..."

ಅಲ್ಲಿಗೆ ದನಿ ನಿಂತಿತು.

ಮಂಜು ಗಾಜಿನ ಮೇಲೆ ಮತ್ತೆ ಕೂರುತ್ತಿತ್ತು. ಮುಚ್ಚಿದ ಕಿಟಕಿಯನ್ನು ಒಳಗಿನಿಂದ ಒತ್ತಿ ಹಿಡಿದಂತೆ ಆ ಪುಟ್ಟ ಕೈ ಕಾಣುತ್ತಿತ್ತು. ಅಜ್ಜಿಗೆ ಮರೆವೇನೂ ಇರಲಿಲ್ಲ. ಮನೆ ಎಲ್ಲಿ ಎಂದು ಕೇಳಿದಾಗಲೆಲ್ಲ ಅವಳು ಆ ಕಿರುಬೆರಳು ಸವರಿ ಉತ್ತರ ಹೇಳುತ್ತಲೇ ಇದ್ದಳು.

"ಯಾಕೆ ನಿಲ್ಲಿಸಿದೆ? ಓದು."

"ಓದಲ್ಲ ಟೀಚರ್."

ಅವಳು ಕೂಗಿರಲಿಲ್ಲ. ಆದರೂ ಸೂರಿಲ್ಲದ ಗೋಡೆಗಳೆಲ್ಲ ಒಂದಾದ ಮೇಲೊಂದು ಆ ಮಾತನ್ನೇ ಹೇಳಿದವು. ಓದಲ್ಲ. ಓದಲ್ಲ.

ಸೋಡಾಬುಡ್ಡಿ ಟೀಚರ್ ಬ್ಯಾಗು ಬಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತ. ವಾಪಸು ಹೊರಡುವಾಗ, ಅವಳು ಹೊಸ್ತಿಲು ಅಂದ ಜಾಗದಲ್ಲೇ ಅವನೂ ಕಾಲೆತ್ತಿ ದಾಟಿದ.