ತನಿಮೊತೊ ಕೂಗಿದ ಅಂಕಿಗಳು

೨೦೧೯ರ ಫೆಬ್ರವರಿ ೧೨, ಮಂಗಳವಾರ, ಬೆಳಿಗ್ಗೆ ಎಂಟು ಹತ್ತು. ಜಪಾನಿನ ಸಗಮಿಹಾರಾ ನಗರದ ಹೊರವಲಯದ ಠಾಣೆಗೆ ಒವಾದಾ ಫುಮಿಕೊ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು ಕೊಟ್ಟಿಗೆಯ ಬೂಟಿನಲ್ಲೇ ಬಂದು, ಒಂದು ನೋಟಿಸನ್ನು ಮೇಜಿನ ಮೇಲೆ ಬಡಿದಳು.

"ಓದಿ, ಸಕುಮಾ ಸಾನ್. ನಮ್ಮ ಸಗಣಿ ಕೆಟ್ಟದ್ದಂತೆ!"

ಇನ್‌ಸ್ಪೆಕ್ಟರ್ ಸಕುಮಾ ಓದಿದ. ಎಂಟು ಮನೆಗಳ ಸಗಣಿಯಿಂದ ಗ್ಯಾಸ್ ತೆಗೆಯುವ ಸ್ಥಾವರದವರು ಬರೆದಿದ್ದರು: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗ್ಯಾಸ್ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಹಸುಗಳಿಗೆ ಕೊಟ್ಟ ಔಷಧಿ ಸಗಣಿಯಲ್ಲಿ ಬೆರೆತದ್ದೇ ಕಾರಣ, ಆದ್ದರಿಂದ ಕರಾರು ರದ್ದು. ಮಾರ್ಚ್ ಒಂದರಿಂದ ಸಗಣಿ ಬೇಡ.

"ಅವರು ತಗೊಳ್ಳದಿದ್ದರೆ ಏನಾಗುತ್ತೆ?"

"ಸಗಣಿಗೆ ದಾರಿ ಇಲ್ಲದವರು ಹಸು ಸಾಕುವ ಹಾಗಿಲ್ಲ. ನನ್ನ ಇಪ್ಪತ್ತಾರೂ ಕಟುಕರ ಲಾರಿ ಹತ್ತಬೇಕು. ಭೂಕಂಪದ ವರ್ಷ ಫುಕುಶಿಮಾದಲ್ಲಿ ಅಣುಸ್ಥಾವರ ಸಿಡಿದಾಗ ಮೂವತ್ತು ಹಸುಗಳನ್ನ ಕಟ್ಟಿದಲ್ಲೇ ಬಿಟ್ಟು ಓಡಿ ಬಂದೋಳು ನಾನು. ಇನ್ನೊಂದು ಸಲ ಬಿಡಲ್ಲ."

ಎಂಟೂವರೆಗೆ ಎಫ್‌ಐಆರ್ ದಾಖಲಾಯಿತು.

ಜೀಪಿನಲ್ಲಿ ಕಾನ್‌ಸ್ಟೇಬಲ್ ಹೊಶಿನೊ ತಾನು ವಿಚಾರಿಸಿದ್ದನ್ನು ಹೇಳಿದ. "ಸಗಣಿ ಗ್ಯಾಸಿನಲ್ಲಿ ಬಸ್ಸು ಓಡಿದಷ್ಟೂ ಕಂಪನಿಗೆ ಕ್ರೆಡಿಟ್ ಅನ್ನೋ ಚೀಟಿ ಸಿಗುತ್ತೆ ಸರ್. ಡೀಸೆಲ್ ಮಾರೋರು ಅದನ್ನ ಕೊಂಡು ತಮ್ಮ ಹೊಗೆಗೆ ಸರಿದೂಗಿಸ್ಕೋತಾರೆ. ಹೋದ ವರ್ಷ ಚೀಟಿ ರಾಶಿ ಬಿದ್ದು ಬೆಲೆ ಮೂರನೇ ಒಂದು ಪಾಲಿಗೆ ಇಳೀತು. ಬರೀ ಗ್ಯಾಸ್ ಮಾರಿದ ದುಡ್ಡಲ್ಲಿ ಸ್ಥಾವರ ನಡೆಯಲ್ಲ."

"ಹಾಗಾದರೆ ಮುಚ್ಚಲಿ."

"ತಾವಾಗಿ ಮುಚ್ಚಿದರೆ ಎಂಟು ಮನೆಗೂ ಪರಿಹಾರ ಕೊಡಬೇಕು. ಸಗಣಿ ಕೆಟ್ಟದ್ದು ಅಂತಾದರೆ ಕೊಡಬೇಕಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಯಾವ ದೇಶವಾದರೇನು, ಬರೆ ಬೀಳುವುದು ಬಾಯಿಲ್ಲದವರ ಮೈಮೇಲೆಯೇ.

ಸ್ಥಾವರದ ಮ್ಯಾನೇಜರ್ ತನಿಮೊತೊ, ಐವತ್ತೆಂಟರವನು, ರಿಜಿಸ್ಟರ್ ತೆರೆದಿಟ್ಟ. ದಿನವೂ ಏಳೂವರೆಗೆ ಅವನೇ ಮೀಟರ್ ನೋಡಿ ಬರೆಯುತ್ತಿದ್ದ.

"ಮೀಟರಿನ ನೆನಪು?"

"ಮೂವತ್ತು ದಿನದ್ದು ಮಾತ್ರ ಉಳಿಯುತ್ತೆ."

"ಅದರಲ್ಲಿ ಗ್ಯಾಸ್ ಚೆನ್ನಾಗೇ ಇದೆಯಲ್ಲ."

"ನಾವು ಗದರಿಸಿದ ಮೇಲೆ ಔಷಧಿ ನಿಲ್ಲಿಸಿರಬೇಕು. ಕರಾರಿನಲ್ಲಿ ಮೂರು ತಿಂಗಳು ಅಂತಿದೆ, ಮೂರು ತಿಂಗಳಾಗಿದೆ."

ಸಕುಮಾ ಮರುದಿನ ಏಳೂವರೆಗೆ ಸ್ಥಾವರದ ಬೇಲಿಯ ಹೊರಗೆ ನಿಂತ. ತನಿಮೊತೊ ಮೀಟರಿಗೆ ಬೆರಳು ತೋರಿಸಿ, ರೈಲು ಓಡಿಸುವವರಂತೆ ಅಂಗಳವೆಲ್ಲ ಕೇಳುವ ಹಾಗೆ ಅಂಕಿಯನ್ನು ಕೂಗಿ, ಕೊನೆಗೆ "ಯೊಶಿ!" ಎಂದ. ಸರಿಯಾಗಿದೆ ಎಂದರ್ಥ. ತಪ್ಪು ಓದಬಾರದೆಂದು ಇಲ್ಲಿನ ಕೆಲಸಗಾರರಿಗೆ ಮೊದಲ ದಿನದಿಂದ ಕಲಿಸುವ ಪದ್ಧತಿ ಅದು.

ಬೇಲಿಯ ಈಚೆ ಒಂದು ಅಪಾರ್ಟ್‌ಮೆಂಟಿತ್ತು. ಹೊಶಿನೊ ಮನೆಮನೆ ಕೇಳುತ್ತ ಎರಡನೆಯ ಮಹಡಿಗೆ ಹೋದ. ಬಾಹ್ಯಾಕಾಶ ಸಂಸ್ಥೆಯ ಸಂಶೋಧಕ ಚಂದ್ರಶೇಖರ ಬಾಗಿಲು ತೆರೆದ. ಒಳಗೆ ಹೆಂಡತಿ ಮಾಲತಿ ಒಗ್ಗರಣೆ ಹಾಕುತ್ತಿದ್ದಳು.

"ಮಾಲತಿ, ಬೆಳಿಗ್ಗೆ ಆ ಕೂಗು ಕೇಳ್ಸುತ್ತಾ ಅಂತ ಕೇಳ್ತಿದಾರೆ ಕಣೇ."

"ಕೇಳ್ಸ್ದೆ ಏನ್ರೀ? ನನ್ನ ಜಪಾನೀಸ್ ಟೀಚರ್ರೇ ಅವ್ರು! ನಂಬರ್ಸ್ ಕಲ್ಯೋಕೆ ದಿನಾ ಕೇಳ್ಕೊಂಡು ಕ್ಯಾಲೆಂಡರ್‌ನಲ್ಲಿ ಬರ್ಕೋತೀನಿ. ಯೊನ್‌ಹ್ಯಾಕು ಜೂನಿ, ಅಂದ್ರೆ ನಾನೂರ ಹನ್ನೆರಡು, ಯೊಶಿ!"

ಊರಿನಿಂದ ತಂದ ಕ್ಯಾಲೆಂಡರು. ಹಳೆಯದನ್ನೂ ಎಸೆದಿರಲಿಲ್ಲ. ಒಂದೊಂದು ಚೌಕದಲ್ಲೂ ತಿಥಿಯ ಕೆಳಗೆ ಪೆನ್ಸಿಲಿನಲ್ಲಿ ಕನ್ನಡದ ಅಂಕಿ.

"ಎರಡೂ ಬೇಕಂತೆ, ಎವಿಡೆನ್ಸ್‌ಗೆ."

"ಈ ವರ್ಷದ್ದನ್ನೂನಾ? ಸುಮಿಮಾಸೆನ್, ಕ್ಷಮಿಸಿ, ಆಗಲ್ಲ ಅಂತ ಹೇಳ್ಬಿಡಿ! ಏಕಾದಶಿ ಯಾವತ್ತು ಅಂತ ನಿಮ್ಮ ಪೊಲೀಸ್ ಬಂದು ಹೇಳ್ತಾರಾ?"

ಕೊನೆಗೆ ಈ ವರ್ಷದ್ದಕ್ಕೆ ಫೋಟೊ, ಹೋದ ವರ್ಷದ್ದಕ್ಕೆ ಪಂಚನಾಮೆ ಎಂದಾಯಿತು. ಚಂದ್ರಶೇಖರ ಸೊನ್ನೆಯಿಂದ ಒಂಬತ್ತರವರೆಗಿನ ಕನ್ನಡ ಅಂಕಿಗಳನ್ನು ಜಪಾನಿನ ಲೆಕ್ಕದಲ್ಲಿ ಬರೆದುಕೊಟ್ಟು ಸಹಿ ಹಾಕಿದ.

ಸಕುಮಾ ಮೊದಲು ಮೀಟರಿನಲ್ಲಿ ಉಳಿದಿದ್ದ ಮೂವತ್ತು ದಿನಗಳನ್ನು ಮಾಲತಿಯ ಬರಹದೊಂದಿಗೆ ತಾಳೆ ನೋಡಿದ. ಒಂದೂ ತಪ್ಪಿರಲಿಲ್ಲ. ಆಮೇಲೆ ಹಳೆಯ ಕ್ಯಾಲೆಂಡರನ್ನೂ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟ.

ಫೆಬ್ರವರಿ ೧೯, ಮಧ್ಯಾಹ್ನ ಎರಡು ಗಂಟೆ. ಠಾಣೆಯ ಕೋಣೆ.

"ಡಿಸೆಂಬರ್ ಮೂರು. ಎಷ್ಟು ಬರೆದಿರಿ?"

"ನೂರಾ ಎಪ್ಪತ್ತೆಂಟು."

"ಎಷ್ಟು ಕೂಗಿದಿರಿ?"

ಸಕುಮಾ ಕ್ಯಾಲೆಂಡರನ್ನು ಮುಂದೆ ಸರಿಸಿದ. "ನಾನೂರ ಹನ್ನೆರಡು. ಮಿಕ್ಕ ಗ್ಯಾಸ್ ಎಲ್ಲಿ?"

"ಕೊಳವೆ ತುದಿಯಲ್ಲಿ ಸುಟ್ಟೆ."

"ಮೂರು ತಿಂಗಳೂ?"

"ಮೂರು ತಿಂಗಳೂ." ತನಿಮೊತೊ ತನ್ನ ಬೆರಳು ನೋಡಿಕೊಂಡ. "ಹಳೇ ಕೆಲಸವೂ ಸೇರಿ ಮೂವತ್ತನಾಲ್ಕು ವರ್ಷದಿಂದ ಕೂಗ್ತಿದೀನಿ. ಬೇರೆ ಅಂಕಿ ಕೂಗೋಕೆ ಬಾಯಿ ಬರಲಿಲ್ಲ."

ಅಷ್ಟು ಜನರ ಬೆವರಿನ ಗ್ಯಾಸನ್ನು ಗಾಳಿಗೆ ಸುಟ್ಟು, ತಪ್ಪನ್ನು ಹಸುವಿನ ಬಾಲಕ್ಕೆ ಕಟ್ಟಿದ್ದ! ಹೊಶಿನೊ ಸಿಟ್ಟಿಗೆ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. ನಾಲ್ಕು ಗಂಟೆಗೆ ಸುಳ್ಳು ದಾಖಲೆ ಮತ್ತು ವಂಚನೆಯ ಆರೋಪದಲ್ಲಿ ತನಿಮೊತೊನ ಬಂಧನವಾಯಿತು. ನೋಟಿಸನ್ನು ಕಂಪನಿ ಹಿಂದಕ್ಕೆ ಪಡೆಯಿತು.

ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟು. ಭೂಕಂಪದ ಮರುವರ್ಷ ಎಂಟು ಮನೆಗಳ ಬಾಗಿಲಿಗೂ ಹೋಗಿ, ನಿಮ್ಮ ಸಗಣಿಯಿಂದ ಊರು ಬೆಳಗುತ್ತದೆ ಎಂದು ಒಪ್ಪಿಸಿದವನು ಅವನೇ. ಬೆಲೆ ಇಳಿದ ಮೇಲೆ ಮುಖ್ಯ ಕಚೇರಿಯವರು, ಪರಿಹಾರ ಕೊಡದೆ ಮುಚ್ಚಿದರೆ ಮಾತ್ರ ಅವನ ಕೈಕೆಳಗಿನ ಆರು ಮಂದಿಗೆ ಬೇರೆಡೆ ಕೆಲಸ ಎಂದಿದ್ದರು. ಬಾಯಿಮಾತಿನಲ್ಲಿ. ಕಾಗದದಲ್ಲಿ ಏನೂ ಇರಲಿಲ್ಲ, ಹಾಗಾಗಿ ಹಾಗೆಂದವರ ಮೇಲೆ ಮೊಕದ್ದಮೆಯೂ ಆಗಲಿಲ್ಲ.

ಸಕುಮಾ ಇದನ್ನು ಫುಮಿಕೊಗೆ ಓದಿ ಹೇಳಿದ.

"ಆ ಆರೂ ಜನ ನನ್ನ ಮನೆ ಹಾಲು ಕುಡಿದೋರು," ಎಂದಳು. "ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಹಾಲು ಕರೆಯುವ ಹೊತ್ತಾಗಿತ್ತು. ಎದ್ದು ಹೋದಳು.