ಛಾವಣಿಯ ಹಿಡಿತ

ಬಿರುಗಾಳಿಗೆ ಜಗ್ಗದ ಮನೆಯ ವಿನ್ಯಾಸಕ್ಕಾಗಿ ಭಾವನಿಗೆ ಪದಕ ಬಂತು. ಅದನ್ನು ಕೊರಳಿಗೆ ಹಾಕಿಸಿಕೊಂಡು ಮೈಕಿನ ಮುಂದೆ ನಿಂತವನು, ಮೂಲೆಯಲ್ಲಿ ಕೂತಿದ್ದ ಹೆಂಡತಿಯ ತಮ್ಮನ ಕಡೆ ಕೈ ತೋರಿಸಿ, "ನಮ್ಮ ಹುಡುಗ. ಗೆರೆ ಎಳೆಯೋದ್ರಲ್ಲಿ ಬಲು ಚುರುಕು" ಎಂದ. ಜನ ನಕ್ಕರು. ಹುಡುಗನಿಗೆ ನಲವತ್ತಾರು ತುಂಬಿತ್ತು. ಆ ಮನೆಯ ಒಂದೊಂದು ಗೆರೆಯೂ ಅವನದೇ. ಅವನೂ ನಕ್ಕ. ಆ ನಗುವಿನೊಳಗೇ ಭಾವನ ಆಯುಸ್ಸು ಮುಗಿಯಿತು.

ಆಯುಧ ಹುಡುಕಿಕೊಂಡು ಅಲೆಯಬೇಕಿರಲಿಲ್ಲ. ಬಿರುಗಾಳಿ ಮನೆಯನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಛಾವಣಿಯನ್ನು ಮೇಲಕ್ಕೆ ಎಳೆಯುತ್ತದೆ. ಅದಕ್ಕೇ ಅವನು ಛಾವಣಿಯ ತೊಲೆಗಳನ್ನು ಗೋಡೆಗೆ ಉಕ್ಕಿನ ಪಟ್ಟಿಗಳಿಂದ ಬಿಗಿಸಿದ್ದ. ಪಟ್ಟಿ ಹೋದರೆ ಛಾವಣಿ ಹೋಗುತ್ತದೆ. ಛಾವಣಿ ಹೋದರೆ ಆಸರೆ ತಪ್ಪಿದ ಗೋಡೆ ಒಳಕ್ಕೆ ಕುಸಿಯುತ್ತದೆ. ಕಡಲ ಕಡೆಯ ಗೋಡೆಗೆ ಅಂಟಿಕೊಂಡೇ ಭಾವನ ಓದುವ ಕೋಣೆ. ಗಾಳಿ ಬಂದ ದಿನ ಅಲ್ಲೇ ಕಾಲು ಚಾಚಿ ಕೂರುತ್ತೇನೆಂದು ಭಾವ ಪತ್ರಿಕೆಯವರೆದುರು ಕೊಚ್ಚಿಕೊಂಡಿದ್ದ.

ಬಿರುಗಾಳಿಯ ಎಚ್ಚರಿಕೆ ಬಂದ ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿ ಭಾವನ ಮನೆಗೆ ಹೋದ.

"ಪಟ್ಟಿಗಳಿಗೆ ತುಕ್ಕು ಹಿಡಿದಿದೆಯೋ ಏನೋ, ಒಂದ್ಸಲ ನೋಡಿಬಿಡ್ತೀನಿ ಭಾವ."

"ನೋಡಪ್ಪಾ, ನೋಡು. ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ಲ. ನನಗಿದೆ!"

ಒಳಗಿಂದ ಅಕ್ಕ, "ನೀನಾದ್ರೂ ಇವರಿಗೆ ಬುದ್ಧಿ ಹೇಳೋ. ನಿನ್ನ ಮನೆಗೆ ಕರ್ಕೊಂಡು ಹೋಗು" ಎಂದಳು.

"ನೀನು ಬಾ ಅಕ್ಕಾ. ಭಾವ ಆಡಿದ ಮಾತಿಗೆ ತಪ್ಪೋರಲ್ಲ."

ಅಟ್ಟದಲ್ಲಿ ಅವನು ಗರಗಸ ಮುಟ್ಟಲಿಲ್ಲ. ಗರಗಸದ ಗೆರೆ ನೇರ. ಅದು ಬಾಯಿ ಬಿಡುತ್ತದೆ. ಒಂದೊಂದು ಪಟ್ಟಿಯನ್ನೂ ಇಕ್ಕಳದಲ್ಲಿ ಹಿಡಿದು, ತಂತಿ ಮುರಿಯುವ ಹಾಗೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದ. ಗಾಳಿಯ ಬಡಿತಕ್ಕೆ ಉಕ್ಕು ದಣಿದು ಮುರಿಯುವುದೂ ಹೀಗೆಯೇ. ಕಡಲ ಕಡೆಯ ಸಾಲು ಮುಗಿಯುವಷ್ಟರಲ್ಲಿ ಕೈ ಸೋತಿತ್ತು, ಮನಸ್ಸು ಹಗುರಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ಅವನು ಎಂದೂ ಕೆಲಸ ಮಾಡಿರಲಿಲ್ಲ.

ಗಾಳಿಯೂ ಅವನ ಲೆಕ್ಕ ತಪ್ಪಿಸಲಿಲ್ಲ. ಅದು ತಗ್ಗಿದ ಮೇಲೆ ಭಾವನನ್ನು ಗೋಡೆಯಡಿಯಿಂದ ಎತ್ತಿದರು. ಅಕ್ಕ ತಮ್ಮನ ಹೆಗಲಿಗೆ ಮುಖವಿಟ್ಟು, "ನೀನು ಕರೆದದ್ದಕ್ಕೆ ನಾನು ಉಳಿದೆ ಕಣೋ" ಎಂದು ಅತ್ತಳು. ಅವನು ಅವಳ ಬೆನ್ನು ಸವರಿದ.

ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಅವಶೇಷದೊಳಗಿಂದ ಒಂದು ಪಟ್ಟಿ ಎತ್ತಿ ತಂದು ಅವನ ಕೈಗಿಟ್ಟರು. "ಗಾಳಿ ಮುರಿದದ್ದೇ ಸರ್, ಅಂಚು ಹೇಗೆ ಒರಟಾಗಿದೆ ನೋಡಿ" ಎನ್ನುತ್ತ ಅದನ್ನು ಬೆಳಕಿಗೆ ತಿರುಗಿಸಿದವನು ಅಲ್ಲೇ ನಿಂತುಬಿಟ್ಟ. ಕಡಲ ದಂಡೆಯಲ್ಲಿ ಉಕ್ಕು ಎಲ್ಲಿ ಬರಿದಾಗಿ ಕಂಡರೂ ತುಕ್ಕು ತಡೆಯುವ ಬೂದು ಬಣ್ಣ ಬಳಿಯದೆ ಏಣಿ ಇಳಿದವನಲ್ಲ ಅವನು. ಮನಸ್ಸು ಕೊಲೆಯ ಗುಂಗಿನಲ್ಲಿದ್ದಾಗ ಕೈ ತನ್ನ ಪಾಡಿಗೆ ತನ್ನ ಕೆಲಸ ಮುಗಿಸಿತ್ತು. ಮುರಿದ ತುದಿಯ ಒರಟು ಅಂಚಿನ ಉದ್ದಕ್ಕೂ, ಒಂದು ಚುಕ್ಕೆಯೂ ಬಿಡದೆ, ಬಣ್ಣ ಒಣಗಿ ಕೂತಿತ್ತು. "ಸರಿ, ಮುರಿದದ್ದು ಗಾಳಿ ಅಂತಾನೇ ಇಟ್ಕೊಳ್ಳೋಣ" ಎಂದರು ಇನ್‌ಸ್ಪೆಕ್ಟರ್. "ಮುರಿದ ಮೇಲೆ ಬಣ್ಣ ಬಳಿದದ್ದು ಯಾರು?"