ಹಗ್ಗದ ಕೊನೆಯಲ್ಲಿ ನಡೆದವನು

“ರೀ, ಕಾರು ಹಿಂದಕ್ಕೆ ತಗೀರಿ! ಮಕ್ಕಳು ದಾಟ್ತಾ ಇರೋದು ಕಾಣಿಸ್ತಿಲ್ವಾ?”

ಓರ್ನೆಲ್ಲಾ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದಳು. ಇಟಲಿಯ ಪೋ ನದಿಯ ಕಡೆಯಿಂದ ಎದ್ದ ನವೆಂಬರಿನ ಮಂಜು ಊರನ್ನೇ ನುಂಗಿತ್ತು. ಹಳದಿ ಜಾಕೆಟ್ ತೊಟ್ಟ ಮಕ್ಕಳು ಒಂದೇ ಹಗ್ಗ ಹಿಡಿದುಕೊಂಡು ನಡುರಸ್ತೆಯಲ್ಲಿ ಬೆಚ್ಚಿ ನಿಂತಿದ್ದರು.

ಕಾರಿನ ಗಾಜು ಇಳಿಯಿತು. ಕ್ಷೌರ ಕಾಣದ ಮುಖ, ನಿದ್ದೆ ಕಾಣದ ಕಣ್ಣು.

“ಮಗಳನ್ನ ಶಾಲೆ ಗೇಟಲ್ಲಿ ಇಳಿಸಬೇಕು ನಾನು. ನಿಮ್ಮ ಮೆರವಣಿಗೆ ಮುಗಿಯೋವರೆಗೂ ಕಾಯ್ಕೊಂಡು ಕೂರ್ಲಾ?”

“ಮೆರವಣಿಗೆ ಅಲ್ಲ, ಪಿಯೆಡಿಬಸ್, ಕಾಲಲ್ಲಿ ನಡೆಯೋ ಬಸ್ಸು! ಮಕ್ಕಳು ಜೊತೆಯಾಗಿ ನಡ್ಕೊಂಡು ಶಾಲೆಗೆ ಹೋಗ್ಲಿ ಅಂತ ಮಾಡಿರೋದು. ನಿಮ್ಮಂಥವರು ಗೇಟಿನ ತನಕ ಕಾರು ನುಗ್ಗಿಸ್ತೀರಲ್ಲ, ಅದಕ್ಕೇ ಬೀದೀಲಿ ಜನ ಸಾಯೋದು!”

ಅವನ ಮುಖ ಸುಣ್ಣದಂತಾಯಿತು. ಹಿಂದಿನ ಸೀಟಿನಲ್ಲಿದ್ದ ಪುಟ್ಟ ಹುಡುಗಿ ತಲೆ ತಗ್ಗಿಸಿದಳು. ಅವನು ಕಾರನ್ನು ಹಿಂದಕ್ಕೆ ತೆಗೆದು ಮಂಜಿನೊಳಗೆ ಕಣ್ಮರೆಯಾದ.

ಸಾಲಿನ ಕೊನೆಯಲ್ಲಿದ್ದ ಇರ್ಮಾ ಅಜ್ಜಿ ಕುಂಟುತ್ತಾ ಬಂದಳು.

“ಯಾರಿಗೆ ಏನಂದೆ ಗೊತ್ತೇನೇ ಹುಡುಗಿ? ಅವನು ಸವೇರಿಯೊ, ಟೈಲ್ಸ್ ಹಾಕೋನು. ಹೋದ ಚಳಿಗಾಲ ಅವನ ಹೆಂಡತಿ ಸಿಲ್ವಾನಾ ಮಗಳನ್ನ ಶಾಲೆಗೆ ಬಿಟ್ಟು ನಡ್ಕೊಂಡು ವಾಪಸ್ ಬರ್ತಿದ್ಲು. ಕಾಲುವೆ ಸೇತುವೆ ಹತ್ರ ವ್ಯಾನ್ ಹೊಡೀತು. ಹೀಗೇ ಮಂಜಿತ್ತು ಅವತ್ತೂ…”

ಓರ್ನೆಲ್ಲಾ ಕಾರು ಹೋದ ದಿಕ್ಕಿಗೆ ತಿರುಗಿ ನೋಡಿದಳು. ಮದುವೆ ಮುರಿದುಕೊಂಡು, ಲೈಬ್ರರಿ ಕೆಲಸಕ್ಕೆಂದು ಅವಳು ಈ ಊರಿಗೆ ಬಂದದ್ದು ವಸಂತದಲ್ಲಿ. ಬೆಳಗಿನ ಒಂಟಿತನ ತಾಳಲಾರದೆಯೇ ಈ ಮಕ್ಕಳ ಸಾಲು ಕಟ್ಟಿದ್ದಳು.

‘ಅಯ್ಯೋ ದೇವರೇ… ಅದೂ ಆ ಮಗುವಿನ ಎದುರಿಗೆ!’

ಸಂಜೆ ಅವನ ಮನೆಯ ಬಾಗಿಲು ತಟ್ಟಿದಳು. ಬಾಗಿಲು ಅರ್ಧವಷ್ಟೇ ತೆರೆಯಿತು.

“ಕ್ಷಮಿಸಿ… ನನಗೆ ಗೊತ್ತಿರಲಿಲ್ಲ.”

“ಗೊತ್ತಿದ್ದಿದ್ರೆ ಮೆತ್ತಗೆ ಬೈತಿದ್ರಾ?”

ಅವನು ಬಾಗಿಲಿಗೆ ಅಡ್ಡವಾಗಿ ನಿಂತ.

“ನಡ್ಕೊಂಡು ಹೋದವಳೇ ಸತ್ತಿದ್ದು ಮೇಡಂ. ಅದೇ ರಸ್ತೇಲಿ ಮಕ್ಕಳನ್ನ ನಡೆಸೋ ಧೈರ್ಯ ನಿಮಗಿದೆ. ನನಗಿಲ್ಲ.”

ಬಾಗಿಲು ಮುಚ್ಚಿತು.

ಡಿಸೆಂಬರಿನ ಚಳಿಗೆ ಇರ್ಮಾ ಅಜ್ಜಿಯ ಮಂಡಿ ಊದಿತು. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರಿಲ್ಲದೆ ಸಾಲು ಹೊರಡುವಂತಿಲ್ಲ ಎಂಬುದು ಪುರಸಭೆಯ ನಿಯಮ. ಓರ್ನೆಲ್ಲಾ ಸಿಕ್ಕಸಿಕ್ಕ ತಾಯಿತಂದೆಯರನ್ನೆಲ್ಲ ಬೇಡಿಕೊಂಡಳು. ಎಲ್ಲರಿಗೂ ಕೆಲಸ, ಎಲ್ಲರಿಗೂ ಅವಸರ. ಕೊನೆಗೊಂದು ಬೆಳಗ್ಗೆ ಅಜ್ಜಿ ಸಾಲು ಹೊರಡುವ ನಿಲ್ದಾಣದ ಬೆಂಚಿನ ಮೇಲೆ ಕುಸಿದು ಕೂತಳು.

“ಇನ್ನು ನನ್ನ ಕೈಲಾಗಲ್ಲ ಮಗಳೇ.”

ಮಕ್ಕಳನ್ನು ಮನೆಗೆ ಕಳುಹಿಸಬೇಕಲ್ಲ ಎಂದು ಓರ್ನೆಲ್ಲಾ ಫೋನ್ ತೆಗೆದಳು. ಅಷ್ಟರಲ್ಲಿ ಯಾರೋ ಅವಳ ಕೋಟು ಎಳೆದರು. ಏದುಸಿರು ಬಿಡುತ್ತಾ ಸವೇರಿಯೊನ ಮಗಳು ಲವೀನಿಯಾ ನಿಂತಿದ್ದಳು!

“ಅಪ್ಪ ಕಾರಿನ ಗಾಜಿನ ಮೇಲಿನ ಹಿಮ ಕೆರೀತಿದ್ದ. ನಾನು ಓಡಿ ಬಂದೆ.”

“ಯಾಕೆ ಪುಟ್ಟಾ?”

“ಕಾರಲ್ಲಿ ಅಪ್ಪ ಮಾತೇ ಆಡಲ್ಲ. ನಾನು ಅಮ್ಮನ ವಿಷಯ ಎತ್ತಿದ್ರೆ ಅಳ್ತಾನೆ. ಇಲ್ಲಿ ಎಲ್ರೂ ಮಾತಾಡ್ಕೊಂಡು ಹೋಗ್ತಾರಲ್ಲ…”

ಓರ್ನೆಲ್ಲಾ ಅವಳ ಕೈ ಹಿಡಿದುಕೊಂಡಳು. ಮಗು ಹೇಳಿದ ನಂಬರಿಗೆ ಫೋನ್ ಮಾಡಿದಳು.

“ಲವೀನಿಯಾ ನನ್ನ ಹತ್ರ ಇದ್ದಾಳೆ. ಹುಷಾರಾಗಿದ್ದಾಳೆ. ನೀವು ಬರೋವರೆಗೂ ಅವಳ ಕೈ ಬಿಡಲ್ಲ.”

ಕೋಟು ಕೂಡ ಇಲ್ಲದೆ ಓಡಿ ಬಂದ ಸವೇರಿಯೊ ಮಗಳನ್ನು ಅಪ್ಪಿಕೊಂಡ. ಆಮೇಲೆ ಓರ್ನೆಲ್ಲಾಳತ್ತ ತಿರುಗಿದ.

“ಇವಳ ತಲೇಲಿ ಇದನ್ನ ತುಂಬಿದ್ದು ನೀವೇ ಅಲ್ವಾ?”

“ಅಪ್ಪಾ, ಅವರನ್ನ ಬೈಬೇಡ! ನಾನೇ ಬಂದಿದ್ದು. ಇವತ್ತೊಂದು ದಿನ ನಡೀಲಾ?”

ಅವನು ರಸ್ತೆಯತ್ತ ನೋಡಿದ. ಮಕ್ಕಳು ಅವನನ್ನೇ ನೋಡುತ್ತಿದ್ದರು.

“ಹಿಂದೆ ನಡೆಯೋಕೆ ಯಾರೂ ಇಲ್ಲ,” ಓರ್ನೆಲ್ಲಾ ಮೆಲ್ಲಗೆ ಹೇಳಿದಳು. “ಇವತ್ತು ಸಾಲು ಹೊರಡಲ್ಲ ಅಂತ ಹೇಳೋದ್ರಲ್ಲಿದ್ದೆ. ನೀವು ಬರ್ತೀರಾ?”

ಇರ್ಮಾ ಅಜ್ಜಿ ತನ್ನ ಹಳದಿ ಜಾಕೆಟ್ ಬಿಚ್ಚಿ ಅವನತ್ತ ಚಾಚಿದಳು. “ತಗೋ. ನಿನಗೆ ಬಿಗಿಯಾಗತ್ತೆ. ಆದ್ರೂ ಹಾಕ್ಕೋ.”

ಸವೇರಿಯೊ ಜಾಕೆಟ್ ತೊಟ್ಟು ಹಗ್ಗದ ಕೊನೆ ಹಿಡಿದ. ಸಾಲು ಹೊರಟಿತು. ಕಾಲುವೆ ಸೇತುವೆ ಬಂದಾಗ ಹಗ್ಗ ಜಗ್ಗಿತು. ಸವೇರಿಯೊ ಕಲ್ಲಾಗಿ ನಿಂತಿದ್ದ.

“ಆಗ್ತಿಲ್ಲ… ಇಲ್ಲೇ ಅವಳು…”

ಓರ್ನೆಲ್ಲಾ ಹಿಂದಕ್ಕೆ ಬಂದಳು.

“ಕಾಯ್ತೀವಿ. ತಡ ಆದ್ರೆ ಆಗ್ಲಿ.”

ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು. ಒಂದು ಮಗುವೂ ಕದಲಲಿಲ್ಲ.

“ಅವತ್ತು ಗೇಟ್ ಹತ್ರ ಅಮ್ಮ ಟಾಟಾ ಮಾಡಿದ್ಲು ಅಪ್ಪಾ,” ಲವೀನಿಯಾ ಹೇಳಿದಳು. “ನಗ್ತಾ ಇದ್ಲು. ನಿನಗೆ ಹೇಳ್ಬೇಕು ಅಂತಲೇ ಇದ್ದೆ.”

ಸವೇರಿಯೊ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಬಹಳ ಹೊತ್ತಿನ ಮೇಲೆ ಮಗಳ ಕೈ ಹಿಡಿದು ಸೇತುವೆ ದಾಟಿದ.

ಮರುದಿನವೂ ಬಂದ. ಅದರ ಮರುದಿನವೂ… ಮಕ್ಕಳನ್ನು ಒಳಗೆ ಬಿಟ್ಟ ಮೇಲೆ ಇಬ್ಬರೂ ಮೂಲೆಯ ಕೆಫೆಯಲ್ಲಿ ನಿಂತು ಕಾಫಿ ಕುಡಿಯುವುದು ರೂಢಿಯಾಯಿತು. ಕೆಲವೊಮ್ಮೆ ಅವನು ಸಿಲ್ವಾನಾಳ ಬಗ್ಗೆ ಮಾತಾಡುತ್ತಿದ್ದ. ಕೆಲವೊಮ್ಮೆ ಕಪ್ಪಿನ ತಳ ನೋಡುತ್ತಾ ನಿಂತಿರುತ್ತಿದ್ದ, ಅಷ್ಟೇ.

ಆ ಗಳಿಗೆಗಾಗಿಯೇ ತಾನು ದಿನಾ ಬೆಳಗ್ಗೆ ಏಳುತ್ತಿದ್ದೇನೆ ಎಂದು ಅರಿವಾದ ದಿನ ಓರ್ನೆಲ್ಲಾ ಹೆದರಿದಳು. ‘ಸತ್ತವಳ ಜಾಗಕ್ಕೆ ಆಸೆ ಪಡ್ತಿದ್ದೀನಾ ನಾನು?’

ಕಾಫಿಗೆ ಹೋಗುವುದನ್ನು ಬಿಟ್ಟಳು. ಮುಖ ಕೊಟ್ಟು ಮಾತಾಡುವುದನ್ನೂ ಬಿಟ್ಟಳು.

ಫೆಬ್ರವರಿಯ ಒಂದು ಮಸುಕು ಮಧ್ಯಾಹ್ನ, ಕೆಲಸದ ಬಟ್ಟೆಯಲ್ಲೇ ಸವೇರಿಯೊ ಲೈಬ್ರರಿಗೆ ಬಂದ. ಬೆರಳ ಸಂದಿಯಲ್ಲಿ ಸಿಮೆಂಟು. ಓದುತ್ತಿದ್ದವರು ತಲೆ ಎತ್ತಿದರು. ಅವನು ಪಿಸುಗುಟ್ಟಿದ.

“ಕನಿಕರ ಮುಗೀತಾ?”

“ಏನು?”

“ಹೆಂಡತಿ ಸತ್ತವನು ಪಾಪ ಅಂತ ಜೊತೆಗಿದ್ರಿ. ಈಗ ಸಾಕಾಯ್ತಾ?”

“ಕನಿಕರಾನಾ!” ಅವಳ ದನಿ ಜೋರಾಯಿತು, ತಕ್ಷಣ ತಗ್ಗಿಸಿದಳು. “ಇಷ್ಟ ಆಗಿಬಿಟ್ಟಿದ್ದೀರಿ ಸವೇರಿಯೊ. ಸಿಲ್ವಾನಾ ನೆನಪಾದಾಗೆಲ್ಲ ನಾನು ಕಳ್ಳಿ ಅನ್ಸತ್ತೆ. ಅದಕ್ಕೇ…”

ಅವನು ಎದುರಿನ ಕುರ್ಚಿಯಲ್ಲಿ ಕುಸಿದು ಕೂತ.

“ನಾನು ಅವಳನ್ನ ಮರೆಯಲ್ಲ.”

“ಮರೀಬೇಡಿ.”

“ಕೆಲವು ದಿನ ನನ್ನ ಕೈಲಿ ಮಾತಾಡೋಕೂ ಆಗಲ್ಲ ಓರ್ನೆಲ್ಲಾ. ಅಂಥ ದಿನಾನೂ ನಿಮ್ಮ ಹತ್ರಾನೇ ಬರ್ಬೇಕು ಅನ್ಸತ್ತೆ. ಬಂದು ಸುಮ್ಮನೆ ಕೂತ್ರೆ… ಬೇಜಾರು ಮಾಡ್ಕೋತೀರಾ?”

ಅವಳು ಮೇಜಿನ ಮೇಲಿದ್ದ ಅವನ ಒರಟು ಕೈಯ ಮೇಲೆ ತನ್ನ ಕೈ ಇಟ್ಟಳು.

“ಬನ್ನಿ… ಅಲ್ಲ… ಬಾ.”

ಅವನ ಕಣ್ಣು ತುಂಬಿ ಬಂತು.

“ಇನ್ನೊಂದ್ಸಲ ಹೇಳು.”

“ಬಾ, ಸವೇರಿಯೊ.”